ವಾರಾಹಿಯ ದಡದ ಕೋಟೆಯೂರು

ತಮಿಳುನಾಡಿನ ತರಂಗಂಬಾಡಿಯಲ್ಲಿ ಕಡಲಿಗೆ ಎದುರಾಗಿ ಒಂದು ಕೋಟೆ ಇಂದಿಗೂ ನಿಂತಿದೆ. ಯೂರೋಪಿನ ಉತ್ತರ ಮೂಲೆಯ ಚಿಕ್ಕ ದೇಶವಾದ ಡೆನ್ಮಾರ್ಕಿನ ವರ್ತಕರು 1620ರಲ್ಲಿ ತಂಜಾವೂರಿನ ರಘುನಾಥನಾಯಕನೊಡನೆ ಒಪ್ಪಂದ ಮಾಡಿಕೊಂಡು, ವರ್ಷವರ್ಷಕ್ಕೆ ಗೇಣಿ ಸಲ್ಲಿಸುವ ಕರಾರಿನ ಮೇಲೆ ಆ ನೆಲವನ್ನು ಪಡೆದು, ಡಾನ್ಸ್‌ಬೋರ್ಗ್ ಎಂಬ ಹೆಸರಿನ ಕೋಟೆಯನ್ನು ಕಟ್ಟಿದರು. ಕೋಟೆಯ ನೆರಳಿನಲ್ಲಿ ಊರು ಬೆಳೆಯಿತು, ಬೀದಿಗಳಾದವು, ಮುದ್ರಣಾಲಯವೂ ಬಂದಿತು. 1845ರಲ್ಲಿ ಡೇನರು ಆ ಊರನ್ನೂ ಬಂಗಾಳದ ಶ್ರೀರಾಮಪುರವನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಆಂಗ್ಲರಿಗೆ ಮಾರಿ ಹೊರಟುಹೋದರು. ಕೋಟೆ ಮಾತ್ರ ಉಳಿಯಿತು; ಇಂದು ಅದು ವಸ್ತುಸಂಗ್ರಹಾಲಯವಾಗಿದೆ. ನೋಡಲು ಬರುವವರು ಅಲ್ಲಿ ಯಾರು ಬಂದರು, ಎಂದು ಬಂದರು, ಏನು ಮಾಡಿದರು ಎಂಬುದನ್ನೆಲ್ಲ ತಿಳಿದು ಮರಳುತ್ತಾರೆ.

ರಘುನಾಥನಾಯಕನ ಮನೆತನವು ವಿಜಯನಗರದ ಅಧೀನದಲ್ಲಿದ್ದು, ಆ ಸಾಮ್ರಾಜ್ಯ ಸಡಿಲಗೊಂಡಂತೆ ಸ್ವತಂತ್ರವಾದುದು. ಅದೇ ಬಗೆಯಾಗಿ ಬೆಳೆದುಬಂದ ಇನ್ನೊಂದು ನಾಯಕಮನೆತನವೆಂದರೆ ನಮ್ಮ ಮಲೆನಾಡಿನ ಕೆಳದಿಯದು. ಅವರ ಕರಾವಳಿಯಲ್ಲಿಯೂ ಪರದೇಶದವರ ಕೋಟೆಯೊಂದಿದ್ದಿತು. ಅದು ಇಂದು ನೋಡುವವರಿಗೆ ಕಾಣಸಿಗುವಂತಿಲ್ಲ. ಅದೇಕೆ ಕಾಣಸಿಗುವಂತಿಲ್ಲವೆಂಬುದರಲ್ಲಿಯೇ ಆ ಊರಿನ ಇತಿಹಾಸವೆಲ್ಲ ಅಡಗಿದೆ. ಆ ಊರು ಬಸರೂರು. ಆ ಕೋಟೆ ಅದರ ಕಡಲ ಬಾಗಿಲಿನಂತಿದ್ದ ಕುಂದಾಪುರದ್ದು.

ಉಡುಪಿ ಜಿಲ್ಲೆಯ ಕುಂದಾಪುರದಿಂದ ಸುಮಾರು ಆರು ಕಿಲೋಮೀಟರು ಒಳಕ್ಕೆ, ವಾರಾಹಿ ನದಿಯ ದಡದಲ್ಲಿ ಬಸರೂರು ಇದೆ. ವಸುಪುರವೆಂಬುದು ಇದರ ಹಳೆಯ ಹೆಸರು. ಘಟ್ಟದಿಂದ ಇಳಿದುಬಂದ ವಾರಾಹಿಯು ಇಲ್ಲಿ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ಮುಂದೆ ಸೌಪರ್ಣಿಕಾ, ಚಕ್ರಾ ಮೊದಲಾದ ಹೊಳೆಗಳು ಕೂಡಿ, ಪಂಚಗಂಗಾವಳಿಯೆಂದು ಹೆಸರು ಪಡೆದು, ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಕಡಲಿನಲ್ಲಿ ಉಬ್ಬರವೇರಿದಾಗ ಆ ನೀರಿನೊಡನೆಯೇ ಮಂಜಿಗಳೂ ಪಡಾವುಗಳೂ ಬಸರೂರಿನವರೆಗೆ ಏರಿ ಬರುತ್ತಿದ್ದವು. ಇಳಿತದಲ್ಲಿ ಸರಕು ತುಂಬಿ ಇಳಿದು ಹೋಗುತ್ತಿದ್ದವು. ಕಡಲಗಾಳಿಯ ಹೊಡೆತವಿಲ್ಲ, ಕಡಲಗಳ್ಳರ ಭಯ ಕಡಿಮೆ, ಬೆನ್ನಿಗೆ ಘಟ್ಟದ ದಾರಿ. ಹಿಂದಿನವರು ರೇವುಪಟ್ಟಣಕ್ಕೆ ಇಂತಹ ಸ್ಥಳವನ್ನೇ ಅರಸುತ್ತಿದ್ದರು. ಇಲ್ಲಿಂದ ದಕ್ಷಿಣಕ್ಕೆ, ಇಂದಿನ ಬ್ರಹ್ಮಾವರ ತಾಲೂಕಿನಲ್ಲಿರುವ ಬಾರಕೂರಿನದೂ ಇಂತಹುದೇ ನೆಲೆ. ಆಳುಪರ ಕಾಲದಲ್ಲಿ ರಾಜಧಾನಿಯಾಗಿದ್ದ ಬಾರಕೂರು ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತದ ಮುಖ್ಯಪಟ್ಟಣವಾಯಿತು. ಬಾರಕೂರು ಅಧಿಕಾರದ ಊರು, ಬಸರೂರು ವ್ಯಾಪಾರದ ಊರು ಎಂದು ಒಂದೇ ಮಾತಿನಲ್ಲಿ ಹೇಳಬಹುದೇನೋ.

ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯನ್ನು ಹಾದುಹೋದ ಅರಬ್ಬೀ ಪ್ರವಾಸಿ ಇಬ್ನ್ ಬತೂತನು ಈ ಎರಡು ಊರುಗಳನ್ನೂ ಕಂಡಿದ್ದಾನೆ. ಅವನ ಕಿವಿಗೆ ಬಸರೂರು 'ಅಬೂ ಸರೂರ್' ಎಂದೂ ಬಾರಕೂರು 'ಫಾಕನೂರ್' ಎಂದೂ ಕೇಳಿಸಿತು. ದೊಡ್ಡ ಹಿನ್ನೀರಿನ ದಡದಲ್ಲಿ ತೆಂಗಿನ ತೋಟಗಳಿಂದ ತುಂಬಿದ ಚಿಕ್ಕ ಊರೆಂದು ಅವನು ಬಸರೂರನ್ನು ವರ್ಣಿಸಿದ್ದಾನೆ. ಆಗಲೇ ಅಲ್ಲಿ ಮುಸಲ್ಮಾನ ವರ್ತಕರ ಒಂದು ಸಮುದಾಯವಿತ್ತು. ಮುಂದಿನ ಎರಡು ಶತಮಾನಗಳಲ್ಲಿ ಆ ಚಿಕ್ಕ ಊರು ದೊಡ್ಡದಾಯಿತು.

ವಿಜಯನಗರ ಕಾಲದ ಬಸರೂರಿನ ಶಾಸನಗಳನ್ನು ಓದುವವರಿಗೆ ಅರಸರಿಗಿಂತಲೂ ಹೆಚ್ಚಾಗಿ ಎದುರಾಗುವವರು 'ಹಲರು'. ಊರಿನ ಕೇರಿಗಳಿಗೆ ಅವರವರದೇ ಆದ ಹಲರ ಕೂಟಗಳಿದ್ದವು. ಪಡುವಕೇರಿಯ ಹಲರು, ಮೂಡುಕೇರಿಯ ಹಲರು ಎಂದು ಶಾಸನಗಳು ಅವರನ್ನು ಬೇರೆ ಬೇರೆಯಾಗಿ ಹೆಸರಿಸುತ್ತವೆ. ನಖರವೆಂಬ ವರ್ತಕ ಸಂಘವಿತ್ತು. ಕಡಲಾಚೆಯಿಂದ ಬಂದು ನೆಲೆಸಿದ ವರ್ತಕರ ಹಂಜಮಾನವಿತ್ತು. ದೇವಾಲಯಕ್ಕೆ ದತ್ತಿ ಬಿಡುವಾಗ, ಸುಂಕದಲ್ಲಿ ಪಾಲು ಕೊಡುವಾಗ, ಜಗಳ ಹರಿಸುವಾಗ ಇವರೆಲ್ಲ ಕೂಡಿ ಒಪ್ಪಬೇಕಾಗಿತ್ತು. ರಾಜ್ಯಪಾಲನು ಬಾರಕೂರಿನಲ್ಲಿ ಕುಳಿತು ಆಳುತ್ತಿದ್ದರೂ ಊರೊಳಗಿನ ಮಾತು ಹಲರದೇ. ಹದಿನಾರನೆಯ ಶತಮಾನದ ಪೋರ್ತುಗೀಸರು ಈ ವ್ಯವಸ್ಥೆಯನ್ನು ನೋಡಿ ಬೆರಗಾದರು. ಅರಸನಿಗೆ ಕಪ್ಪ ಒಪ್ಪಿಸಿ ಉಳಿದುದನ್ನೆಲ್ಲ ತಾವೇ ನಡೆಸಿಕೊಳ್ಳುವ ಸೆಟ್ಟಿಗಳ ಊರಿದು, ಒಂದು ಬಗೆಯ ಗಣರಾಜ್ಯವಿದು, ಎಂದು ಅವರು ತಿಳಿದರು. ಅವರ ಬರಹಗಳಲ್ಲಿ ಸೆಟ್ಟಿಯು 'ಚಾತಿಂ' ಆಗಿದ್ದಾನೆ, ಬಸರೂರು 'ಬಾರ್ಸೆಲೋರ್' ಆಗಿದೆ.

ಊರಿನ ಕೇರಿಗಳ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ: ಮಂಡಿಕೇರಿ, ವಿಲಾಸಕೇರಿ, ರಾವುತಕೇರಿ. ಮಂಡಿಯೆಂದರೆ ಸಗಟು ವ್ಯಾಪಾರದ ಸ್ಥಳ, ರಾವುತನೆಂದರೆ ಕುದುರೆಯ ಸವಾರ. ಕುದುರೆಯ ಕಾಲಿನ ಸಪ್ಪಳವೇ ಕೇಳದ ಕೇರಿಯಲ್ಲಿ ರಾವುತನ ಹೆಸರು ಉಳಿದಿರುವುದನ್ನು ಕಂಡಾಗ, ಶಿಲೆಗಿಂತ ನುಡಿಯೇ ಗಟ್ಟಿಯೆಂದು ಅನಿಸದೆ ಇರದು.

ಈ ವ್ಯಾಪಾರದ ತಿರುಳು ಅಕ್ಕಿ. ಪೋರ್ತುಗೀಸರ ಕಥೆಯೆಂದರೆ ಮೆಣಸಿನ ಕಥೆಯೆಂದು ಶಾಲೆಯ ಪಾಠಗಳಲ್ಲಿ ಕಲಿತವರಿಗೆ ಇದು ಹೊಸದಾಗಿ ಕಾಣಬಹುದು. ಮೆಣಸು ಗೇರುಸೊಪ್ಪೆಯ ಸೀಮೆಯಲ್ಲಿ ಹೆಚ್ಚು. ಅಲ್ಲಿಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಕುಂದಾಪುರದ ಕಡೆಯ ಬಯಲುಗದ್ದೆಗಳ ಸಂಪತ್ತು ಅಕ್ಕಿಯೇ. ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಗಳು ಬಸರೂರಿನಿಂದ ಮಲೆಯಾಳಕ್ಕೆ, ಹೊರ್ಮುಜಿಗೆ, ಏಡನ್ನಿಗೆ ಹೋಗುತ್ತಿದ್ದವು. 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಪೋರ್ತುಗೀಸರಿಗೂ ಈ ಅಕ್ಕಿಯಿಲ್ಲದೆ ಗತಿಯಿಲ್ಲವಾಯಿತು. ಗೋವೆಯ ಗದ್ದೆಗಳು ಗೋವೆಯ ಹೊಟ್ಟೆಯನ್ನು ತುಂಬಲಾರವು. ವರ್ಷವರ್ಷವೂ ಯುದ್ಧನೌಕೆಗಳ ಕಾವಲಿನಲ್ಲಿ ಅಕ್ಕಿಯ ಹಡಗುಗಳು ಕನ್ನಡ ಕರಾವಳಿಯಿಂದ ಗೋವೆಗೆ ಸಾಗಬೇಕಾಗಿತ್ತು. ಮಲೆಯಾಳದ ಕಡಲವೀರರು ಅವುಗಳನ್ನು ಕಾಡುತ್ತಿದ್ದರು. ಬಸರೂರಿನ ಸೆಟ್ಟಿಗಳು ಅವರಿಗೂ ಅಕ್ಕಿ ಮಾರುತ್ತಿದ್ದರು. ಹಣ ಕೊಟ್ಟವರಿಗೆ ಸರಕು ಕೊಡುವುದು ವರ್ತಕನ ನ್ಯಾಯ. ತಮ್ಮ ಹಗೆಗಳಿಗೆ ಅನ್ನ ಮಾರುವುದು ದ್ರೋಹವೆಂಬುದು ಪೋರ್ತುಗೀಸರ ನ್ಯಾಯ. ಇವೆರಡರ ಘರ್ಷಣೆಯಿಂದ ಕೋಟೆ ಹುಟ್ಟಿತು.

1565ರಲ್ಲಿ ವಿಜಯನಗರವು ರಕ್ಕಸತಂಗಡಿಯ ಯುದ್ಧದಲ್ಲಿ ಮುರಿದುಬಿದ್ದಿತು. ಕರಾವಳಿಗೆ ಬೆಂಬಲವಾಗಿ ಬರುವ ದೊಡ್ಡ ದೊರೆಯಿಲ್ಲವೆಂಬುದನ್ನು ಗೋವೆಯವರು ಅರಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. 1568ರಲ್ಲಿ ಮಂಗಳೂರಿನಲ್ಲಿ ಕೋಟೆಯೆದ್ದಿತು. ಮರುವರ್ಷ ವೈಸರಾಯಿ ಲೂಯಿಸ್ ದ ಅತಾಯಿದನು ದೊಡ್ಡ ನೌಕಾದಳದೊಡನೆ ಬಂದು ಹೊನ್ನಾವರವನ್ನೂ ಬಸರೂರಿನ ಕೆಳಗಣ ರೇವನ್ನೂ ಹಿಡಿದನು. ಬಸರೂರಿನಲ್ಲಿಯೇ ಕೋಟೆ ಕಟ್ಟದೆ, ಅದರಿಂದ ಕಡಲಿಗೆ ಹೋಗುವ ದಾರಿಯಲ್ಲಿ, ಈಗಿನ ಕುಂದಾಪುರದಲ್ಲಿ ಕಟ್ಟಿದುದರಲ್ಲಿ ಜಾಣತನವಿದೆ. ಊರನ್ನು ಹಿಡಿದರೆ ಊರಿನವರನ್ನೆಲ್ಲ ಆಳಬೇಕು; ನದಿಯ ಬಾಯಿಯನ್ನು ಹಿಡಿದರೆ ಊರು ತಾನಾಗಿಯೇ ಕೈಯೊಳಗೆ ಬರುತ್ತದೆ. ಅಂದಿನಿಂದ ಬಸರೂರು ಎರಡಾಯಿತು: ಸೆಟ್ಟಿಗಳ ಮೇಲಣ ಬಸರೂರು, ಪೋರ್ತುಗೀಸರ ಕೆಳಗಣ ಬಸರೂರು. ಹೊರಗೆ ಹೋಗುವ ಹಡಗು ಪರವಾನಗಿಯ ಚೀಟಿ ಪಡೆಯಬೇಕು, ಇಂತಿಷ್ಟು ಅಕ್ಕಿಯನ್ನು ಕಪ್ಪವಾಗಿ ಕೊಡಬೇಕು. ಹೀಗೆ ಎಂಬತ್ತಕ್ಕೂ ಹೆಚ್ಚು ವರ್ಷಗಳು ಕಳೆದವು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆಯು ಪೋರ್ತುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದನು. ಅಲ್ಲಿ ಆಳುತ್ತಿದ್ದವನು ವೆಂಕಟಪ್ಪನಾಯಕ. ಗೇರುಸೊಪ್ಪೆಯ ರಾಜ್ಯ ಅದಕ್ಕೆ ಮೊದಲೇ ಅವನ ಕೈಸೇರಿತ್ತು. ಮೆಣಸಿನ ಬೆಲೆಯನ್ನು ಈಗ ಅವನೊಡನೆಯೇ ಮಾತಾಡಿ ಗೊತ್ತುಪಡಿಸಬೇಕಾಗಿತ್ತು. ಇಕ್ಕೇರಿಯ ಬೀದಿಗಳನ್ನೂ ದೇವರ ಉತ್ಸವವನ್ನೂ ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟ ಈ ಪ್ರವಾಸಿಯು ಘಟ್ಟವಿಳಿದು ಬಂದು ಎರಡು ಬಸರೂರುಗಳನ್ನೂ ನೋಡಿದನು. ಅದೇ ಪಯಣದಲ್ಲಿ ಮುಂದೆ ಉಳ್ಳಾಲದ ರಾಣಿಯನ್ನೂ ಕಂಡನು. ಘಟ್ಟದ ಮೇಲಿನ ಅರಸನ ಶಕ್ತಿ ಕಡಲಿನತ್ತ ಬರುತ್ತಿರುವುದು ಅವನ ಬರಹದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೆಳದಿಯವರು ಮಲೆನಾಡಿನವರು. ಅವರ ಕುಲ ಕಸುಬು ಬೇಸಾಯ, ಅವರ ಬಲ ಕಾಲಾಳು. ಕಡಲಿನ ಮೇಲೆ ಪೋರ್ತುಗೀಸರಿಗೆ ಎದುರಾಗುವ ನೌಕಾಬಲ ಅವರಿಗಿರಲಿಲ್ಲ. ಆದರೂ ಗೆದ್ದವರು ಅವರೇ. 1645ರಲ್ಲಿ ಪಟ್ಟವೇರಿದ ಶಿವಪ್ಪನಾಯಕನು ಈ ಕೋಟೆಗಳ ದೌರ್ಬಲ್ಯವನ್ನು ಅರಿತಿದ್ದನು. ಅವೆಲ್ಲವೂ ಕಡಲಿಗೆ ಮುಖ ಮಾಡಿ ನಿಂತವು. ಅವುಗಳಿಗೆ ಬೇಕಾದ ಅಕ್ಕಿ, ಸೌದೆ, ಕುಡಿಯುವ ನೀರು ಎಲ್ಲವೂ ಬೆನ್ನಿನ ಕಡೆಯಿಂದ ಬರಬೇಕು. ಬೆನ್ನಿನ ನೆಲ ಶಿವಪ್ಪನಾಯಕನದು. ಅದೇ ಕಾಲಕ್ಕೆ ಡಚ್ಚರು ಸಿಂಹಳದಲ್ಲಿಯೂ ಕಡಲಿನ ಮೇಲೆಯೂ ಪೋರ್ತುಗೀಸರ ಬೆನ್ನು ಮುರಿಯುತ್ತಿದ್ದುದರಿಂದ ಗೋವೆಯಿಂದ ಸಾಕಷ್ಟು ನೆರವು ಬರುವಂತಿರಲಿಲ್ಲ. 1652ರಿಂದ 1654ರ ನಡುವೆ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರು ಕೋಟೆಗಳು ಒಂದಾದ ಮೇಲೊಂದರಂತೆ ಕೆಳದಿಯ ಕೈಸೇರಿದವು. ಕನ್ನಡ ಕರಾವಳಿಯಲ್ಲಿ ಪೋರ್ತುಗೀಸರಿಗೆ ಒಂದು ಕೋಟೆಯೂ ಉಳಿಯಲಿಲ್ಲ. ಮುಂದೆ ಅವರು ಒಪ್ಪಂದಗಳ ಮೂಲಕ ವ್ಯಾಪಾರದ ಕೋಠಿಗಳಿಗೆ ಸ್ಥಳ ಪಡೆದುದುಂಟು. ಹಿಂದಿನ ಯಜಮಾನಿಕೆಯನ್ನು ಮಾತ್ರ ಮರಳಿ ಪಡೆಯಲಿಲ್ಲ.

ತಂಜಾವೂರಿನ ನಾಯಕನು ಕಡಲತೀರವನ್ನು ಗೇಣಿಗೆ ಕೊಟ್ಟನು. ಕೆಳದಿಯ ನಾಯಕನು ಕಡಲತೀರವನ್ನು ಬಿಡಿಸಿಕೊಂಡನು. ಡಾನ್ಸ್‌ಬೋರ್ಗ್ ನಿಂತಿರುವುದಕ್ಕೂ ಕುಂದಾಪುರದ ಕೋಟೆ ಕಾಣದಾಗಿರುವುದಕ್ಕೂ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಇಷ್ಟರಿಂದಲೇ ರಘುನಾಥನಾಯಕನನ್ನು ಹಳಿಯುವುದೂ ತರವಲ್ಲ. ಅವನೂ ಪೋರ್ತುಗೀಸರ ಎದುರು ಇನ್ನೊಬ್ಬ ವರ್ತಕನನ್ನು ನಿಲ್ಲಿಸುವ ರಾಜನೀತಿಯನ್ನೇ ಮಾಡಿದನು. ಕೆಳದಿಯವರೂ ಮುಂದೆ ಡಚ್ಚರಿಗೆ ಬಸರೂರಿನಲ್ಲಿ ಕೋಠಿಯಿಡಲು ಅವಕಾಶ ಕೊಟ್ಟರು.

ಶಿವಪ್ಪನಾಯಕನೆಂದರೆ ನಮ್ಮ ಜನ ನೆನೆಯುವುದು ಅವನ 'ಶಿಸ್ತ'ನ್ನು. ಭೂಮಿಯ ಗುಣವನ್ನೂ ಬೆಳೆಯನ್ನೂ ವರ್ಷವರ್ಷ ಪರೀಕ್ಷಿಸಿ ಕಂದಾಯವನ್ನು ಗೊತ್ತುಪಡಿಸಿದ ಆ ವ್ಯವಸ್ಥೆ ಗಾದೆಮಾತೇ ಆಗಿಹೋಗಿದೆ. ಕರಾವಳಿಯ ಕೋಟೆಗಳ ವಿಮೋಚನೆ ಅಷ್ಟು ಪ್ರಸಿದ್ಧವಾಗಲಿಲ್ಲ. ಅದಕ್ಕೊಂದು ವಿಚಿತ್ರವಾದ ಕಾರಣವೂ ಇದೆ; ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸಬೇಕು.

ಬಸರೂರಿನ ಹೆಸರನ್ನು ಇಂದು ದೇಶದ ಬೇರೆ ಭಾಗದವರು ಕೇಳಿದ್ದರೆ, ಅದು ಛತ್ರಪತಿ ಶಿವಾಜಿಯ ಕಥೆಯಲ್ಲಿ. 1665ರ ಫೆಬ್ರವರಿಯಲ್ಲಿ ಶಿವಾಜಿಯು ಮಾಲವಣದಿಂದ ಹಡಗನ್ನೇರಿ, ಸ್ವತಃ ತಾನೇ ಮುಂದಾಳಾಗಿ, ಬಸರೂರಿಗೆ ಬಂದನು. ಅವನು ಕೈಗೊಂಡ ದೊಡ್ಡ ಕಡಲಯಾತ್ರೆಯೆಂದರೆ ಇದೇ. ಮೂರು ದೊಡ್ಡ ಹಡಗುಗಳೂ ಎಂಬತ್ತೈದು ಚಿಕ್ಕ ಯುದ್ಧನೌಕೆಗಳೂ ಇದ್ದವೆಂದು ಆ ಕಾಲದ ಆಂಗ್ಲ ವರ್ತಕರು ಬರೆದಿದ್ದಾರೆ. ಹಿಂದಿರುಗುವಾಗ ಅವನು ಗೋಕರ್ಣದಲ್ಲಿ ಸ್ನಾನ ಮಾಡಿ, ಅಂಕೋಲೆಯ ಮೇಲೆ ಕಾರವಾರಕ್ಕೆ ಬಂದನು. ಅಲ್ಲಿಯ ಆಂಗ್ಲರ ಕೋಠಿಯವರು ತಮ್ಮ ಪಾಲಿಗೆ 112 ಪೌಂಡು ಕಾಣಿಕೆ ಒಪ್ಪಿಸಿದರು. ಇಷ್ಟು ಇತಿಹಾಸ. ಶಿವಾಜಿಯು ಬಸರೂರನ್ನು ಪೋರ್ತುಗೀಸರ ಹಿಡಿತದಿಂದ ಬಿಡಿಸಿದನೆಂದು ಈಚಿನ ಕೆಲವು ಲೇಖನಗಳಲ್ಲಿಯೂ ಭಾಷಣಗಳಲ್ಲಿಯೂ ಬರುವ ಮಾತು ಈ ಇತಿಹಾಸಕ್ಕೆ ಹೊಂದುವುದಿಲ್ಲ. ಏಕೆಂದರೆ ಶಿವಾಜಿ ಬರುವುದಕ್ಕೆ ಹನ್ನೊಂದು ಹನ್ನೆರಡು ವರ್ಷಗಳ ಹಿಂದೆಯೇ ಅಲ್ಲಿಯ ಪೋರ್ತುಗೀಸರ ಕೋಟೆ ಶಿವಪ್ಪನಾಯಕನ ಕೈಸೇರಿತ್ತು. 1665ರಲ್ಲಿ ಬಸರೂರು ಕೆಳದಿ ರಾಜ್ಯದ ಶ್ರೀಮಂತ ರೇವು. ಅಲ್ಲಿ ನಡೆದುದು ಸೂರೆ. ಹಿಂದಿನ ವರ್ಷವಷ್ಟೇ, 1664ರಲ್ಲಿ, ಮೊಗಲರ ಸೂರತ್ತನ್ನು ಅವನು ಸೂರೆಗೊಂಡಿದ್ದನು. ಮೊಗಲರೊಡನೆ ದೊಡ್ಡ ಯುದ್ಧಕ್ಕೆ ಸಿದ್ಧನಾಗುತ್ತಿದ್ದ ಅರಸನಿಗೆ ಹಣ ಬೇಕಾಗಿತ್ತು, ಬಸರೂರಿನಲ್ಲಿ ಹಣವಿತ್ತು.

ಶಿವಪ್ಪನಾಯಕನು 1660ರಲ್ಲಿ ತೀರಿಕೊಂಡಿದ್ದನು. ಅನಂತರದ ಐದೇ ವರ್ಷಗಳೊಳಗೆ ಬಿದನೂರಿನ ಗದ್ದುಗೆಯನ್ನು ಮೂವರು ಏರಿದರು; ಬಿಜಾಪುರದ ದಂಡು ಬಂದು ರಾಜ್ಯವನ್ನು ಕಾಡಿಹೋಗಿತ್ತು. ಮನೆಯ ಯಜಮಾನಿಕೆ ಸಡಿಲವಾದಾಗ ಹೊರಬಾಗಿಲಿಗೆ ಕಾವಲಿರುವುದಿಲ್ಲ. ಶಿವಾಜಿಯ ಮಹಿಮೆಯನ್ನು ಕುಂದಿಸುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಅವನ ಮಹಿಮೆಗೆ ಬಸರೂರಿನ ಸಾಕ್ಷಿ ಬೇಕಾಗಿಯೂ ಇಲ್ಲ. ಆದರೆ ಒಬ್ಬನ ಹಣೆಗೆ ತಿಲಕವಿಡುವುದಕ್ಕಾಗಿ ಇನ್ನೊಬ್ಬನ ಹಣೆಯ ವಿಭೂತಿಯನ್ನು ಒರೆಸಬಾರದು. ಪೋರ್ತುಗೀಸರನ್ನು ಈ ನದಿಯ ಬಾಯಿಂದ ಎಬ್ಬಿಸಿದವರು ಮಲೆನಾಡಿನಿಂದ ಇಳಿದುಬಂದ ಕಾಲಾಳುಗಳು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಬಸರೂರಿನ ಸೂರೆಯಾಗಿ ಇಪ್ಪತ್ತನಾಲ್ಕು ವರ್ಷಗಳ ಮೇಲೆ, 1689ರಲ್ಲಿ, ಶಿವಾಜಿಯ ಕಿರಿಯ ಮಗ ರಾಜಾರಾಮನು ಔರಂಗಜೇಬನ ಕೈಯಿಂದ ತಪ್ಪಿಸಿಕೊಂಡು, ಮಾರುವೇಷದಲ್ಲಿ ಜಿಂಜಿಯ ಕಡೆಗೆ ಓಡುತ್ತಿದ್ದನು. ಹಿಂದೆ ಅವನ ತಂದೆ ತಮ್ಮ ರೇವನ್ನು ಸೂರೆಮಾಡಿದ್ದನೆಂಬುದನ್ನು ಕೆಳದಿಯ ಮಂತ್ರಿಗಳು ಮರೆತಿರಲಾರರು. ಆಗ ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಶರಣುಬಂದವನಿಗೆ ಅವಳು ದಾರಿ ಕೊಟ್ಟಳು, ಅದಕ್ಕಾಗಿ ಏರಿಬಂದ ಮೊಗಲರ ದಂಡನ್ನು ಮಲೆನಾಡಿನ ಮಳೆಕಾಡುಗಳಲ್ಲಿ ಎದುರಿಸಿದಳು. ಅವಳ ದತ್ತುಮಗ ಬಸವಪ್ಪನಾಯಕನೇ 'ಶಿವತತ್ತ್ವರತ್ನಾಕರ'ವೆಂಬ ವಿಶ್ವಕೋಶದಂತಹ ಸಂಸ್ಕೃತ ಗ್ರಂಥವನ್ನು ರಚಿಸಿದ ಪಂಡಿತ ದೊರೆ. ಲಿಂಗಣ್ಣಕವಿಯ 'ಕೆಳದಿನೃಪವಿಜಯ'ವು ಈ ಮನೆತನದ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಇವೆರಡನ್ನೂ ನಮ್ಮ ಮಠಗಳ ಪಾಠಶಾಲೆಗಳಲ್ಲಿ ಕಲಿತ ಹಳೆಯ ವಿದ್ಯಾರ್ಥಿಗಳು ಹೆಸರಿನಿಂದಲಾದರೂ ಬಲ್ಲರು.

ವೀರಶೈವ ಅರಸರ ಆಳ್ವಿಕೆಯಲ್ಲಿ ಈ ರೇವುಪಟ್ಟಣದ ಧರ್ಮಜೀವನ ಹೇಗಿದ್ದಿತೆಂಬುದು ನಮ್ಮ ಓದುಗರಿಗೆ ಸಹಜವಾಗಿ ಮೂಡುವ ಪ್ರಶ್ನೆ. ಕೆಳದಿಯವರು ರಾಜ್ಯದಲ್ಲೆಲ್ಲ ಮಹತ್ತಿನ ಮಠಗಳನ್ನು ಕಟ್ಟಿಸಿ, ಜಂಗಮರಿಗೂ ದಾರಿಹೋಕರಿಗೂ ಅನ್ನ ಮತ್ತು ನೆಲೆ ದೊರೆಯುವಂತೆ ಭೂಮಿಯನ್ನು ಬಿಟ್ಟರು. ಅದರೊಡನೆ ಶೃಂಗೇರಿಗೂ ದತ್ತಿ ಕೊಟ್ಟರು. ಇಂದಿನ ಬೈಂದೂರು ತಾಲೂಕಿನಲ್ಲಿರುವ ಕೊಲ್ಲೂರಿನ ಮೂಕಾಂಬಿಕೆಯನ್ನು ಭಕ್ತಿಯಿಂದ ಸೇವಿಸಿದರು. ಅವರು ಪೋರ್ತುಗೀಸರ ಕೋಟೆಯನ್ನು ಒಡೆದರು. ಪೋರ್ತುಗೀಸರು ಪೂಜಿಸುವ ದೇವರನ್ನು ಹಗೆಯೆಂದು ಎಣಿಸಲಿಲ್ಲ. ಗೋವೆಯಿಂದ ಬಂದು ನೆಲೆಸಿದ ಕ್ರೈಸ್ತ ಒಕ್ಕಲುಗಳಿಗೆ ಅವರ ರಾಜ್ಯದಲ್ಲಿ ಗದ್ದೆಯೂ ಸಿಕ್ಕಿತು, ಇಗರ್ಜಿಗೂ ಸ್ಥಳ ಸಿಕ್ಕಿತು. ಬಸರೂರಿನ ಮಹಾಲಿಂಗೇಶ್ವರ ದೇವಾಲಯ, ಬೇರುಗಳ ನಡುವೆ ಸಿಲುಕಿ ನಿಂತಿರುವ ತುಳುವೇಶ್ವರನ ಗುಡಿ, ಹಳೆಯ ಮಸೀದಿಯ ಸಮುದಾಯ, ಕುಂದಾಪುರದ ಇಗರ್ಜಿ, ಎಲ್ಲವೂ ಒಂದೇ ನದಿಯ ನೀರನ್ನು ಕಂಡವು.

ಹದಿನೆಂಟನೆಯ ಶತಮಾನವನ್ನು ಬೇಗನೆ ದಾಟಬಹುದು. 1713ರಲ್ಲಿ ಪೋರ್ತುಗೀಸರ ನೌಕಾದಳ ಬಂದು ಬಸರೂರಿಗೆ ಹಾನಿ ಮಾಡಿತು. 1763ರಲ್ಲಿ ಹೈದರನು ಬಿದನೂರನ್ನು ಹಿಡಿದನು, ಕೆಳದಿಯ ಆಳ್ವಿಕೆ ಮುಗಿಯಿತು. 1783ರ ಜನವರಿಯಲ್ಲಿ ಆಂಗ್ಲ ಸೇನಾನಿ ಮ್ಯಾಥ್ಯೂಸನು ಕುಂದಾಪುರದಲ್ಲಿ ದಂಡನ್ನು ಇಳಿಸಿ, ಹೊಸಂಗಡಿ ಘಾಟಿಯನ್ನು ಹತ್ತಿ ಬಿದನೂರನ್ನು ತೆಗೆದುಕೊಂಡನು. ಕೆಲವೇ ತಿಂಗಳುಗಳಲ್ಲಿ ಟಿಪ್ಪುವು ಅವನನ್ನು ಸೆರೆಹಿಡಿದು ಊರನ್ನು ಮರಳಿ ಪಡೆದನು. ಯಾರೇ ಬರಲಿ, ಯಾರೇ ಹೋಗಲಿ, ದಾರಿ ಅದೇ: ವಾರಾಹಿಯ ದಡ, ಹೊಸಂಗಡಿಯ ಏರು, ನಗರದ ಬಾಗಿಲು. ಶಾಂತಿಯ ಕಾಲದಲ್ಲಿ ಅದೇ ದಾರಿಯಲ್ಲಿ ಹೇರೆತ್ತುಗಳ ಸಾಲು ಉಪ್ಪು, ತೆಂಗು, ತಾಮ್ರಗಳನ್ನು ಹೊತ್ತು ಏರುತ್ತಿದ್ದಿತು. ಮೆಣಸು ಅಡಿಕೆಗಳನ್ನು ಹೊತ್ತು ಇಳಿಯುತ್ತಿದ್ದಿತು.

ಬಸರೂರಿನ ಬೆಳಕನ್ನು ನಂದಿಸಿದವರು ಯಾವ ಸೂರೆಗಾರರೂ ಅಲ್ಲ. ಸೂರೆಯಾದ ಊರು ಹತ್ತು ವರ್ಷಗಳಲ್ಲಿ ಮತ್ತೆ ತುಂಬುತ್ತಿತ್ತು. 1799ರಲ್ಲಿ ಕರಾವಳಿ ಕಂಪನಿಯ ವಶವಾದ ಮೇಲೆ ಬಿದನೂರು ರಾಜಧಾನಿಯಾಗಿ ಉಳಿಯಲಿಲ್ಲ; ಬಿದನೂರಿಲ್ಲದೆ ಬಸರೂರಿಗೆ ಬೆನ್ನಿಲ್ಲ. ಹಡಗುಗಳು ದೊಡ್ಡವಾದವು, ಅಳಿವೆಯ ಮರಳು ದಿಬ್ಬಗಳನ್ನು ದಾಟಿ ಉಬ್ಬರದೊಡನೆ ಒಳಗೆ ಬರುವ ಕಾಲ ಮುಗಿಯಿತು. ವ್ಯಾಪಾರ ಮಂಗಳೂರಿಗೆ ಸರಿಯಿತು, ಕಚೇರಿಗಳು ಕುಂದಾಪುರಕ್ಕೆ ಬಂದವು. ಕುಂದಾಪುರದ ಕೋಟೆಯ ನೆಲೆಯಲ್ಲಿ ಆಂಗ್ಲ ಅಧಿಕಾರಿಗಳ ಬಂಗಲೆ ಎದ್ದಿತು. ಒಂದು ಕಾಲಕ್ಕೆ ಬಸರೂರಿನ ಕಾವಲುಗಟ್ಟೆಯಾಗಿದ್ದ ಕುಂದಾಪುರ ತಾಲೂಕಿನ ಕೇಂದ್ರವಾಯಿತು. ಬಸರೂರು ಅದರ ಒಂದು ಗ್ರಾಮವಾಯಿತು.

ಗ್ರಾಮವಾದುದು ಅವನತಿಯೆಂದು ಒಮ್ಮೆಗೇ ತೀರ್ಮಾನಿಸುವಂತಿಲ್ಲ. ವಾರಾಹಿಯ ದಡದ ಜೇಡಿಮಣ್ಣಿನಿಂದ ಇಲ್ಲಿ ಹಂಚಿನ ಕಾರ್ಖಾನೆಗಳು ಬೆಳೆದವು. ಮಂಗಳೂರು ಹಂಚೆಂದು ನಾಡೆಲ್ಲ ಕರೆಯುವ ಕೆಂಪು ಹಂಚು ಬಸರೂರಿನಲ್ಲಿಯೂ ತಯಾರಾಗಿ, ಎಷ್ಟೋ ಮನೆಗಳ ಮಾಡಿನ ಮೇಲೆ ಮಳೆಗಾಲಗಳನ್ನು ತಡೆದಿದೆ. ಕಾಂಕ್ರೀಟಿನ ಮಾಡುಗಳು ಬಂದ ಮೇಲೆ ಆ ಉದ್ಯಮ ಸೊರಗಿತು. ಶಾರದಾ ಕಾಲೇಜು ಊರಿಗೆ ವಿದ್ಯೆಯನ್ನು ತಂದಿತು. ಸುತ್ತಲಿನ ಊರುಗಳ ಮನೆಮನೆಯಿಂದ ಯುವಕರು ಮುಂಬಯಿಗೂ ಬೆಂಗಳೂರಿಗೂ ಹೋಗಿ ಹೋಟೆಲುಗಳನ್ನು ನಡೆಸಿದರು. ಅಕ್ಕಿಯ ಮುಡಿಯನ್ನು ಹೊರಗೆ ಕಳುಹಿಸಿ ಹೆಸರಾದ ಸೀಮೆ ಈಗ ಅನ್ನ ಬಡಿಸುವ ಕೈಗಳನ್ನು ಹೊರಗೆ ಕಳುಹಿಸುತ್ತಿದೆ. ಅವರು ಗಳಿಸಿದ ಹಣದ ಒಂದು ಪಾಲು ಊರಿನ ದೇವಾಲಯಗಳ ಜೀರ್ಣೋದ್ಧಾರಕ್ಕೆ ಬರುತ್ತದೆ. ಹಲರು ದತ್ತಿ ಬಿಡುತ್ತಿದ್ದ ರೂಢಿ ಬೇರೊಂದು ರೂಪದಲ್ಲಿ ಮುಂದುವರಿದಿದೆಯೆನ್ನಬಹುದು.

ಜೀರ್ಣೋದ್ಧಾರದ ಮಾತು ಬಂದುದರಿಂದ ಒಂದು ಕಳವಳವನ್ನೂ ಹೇಳಬೇಕಾಗಿದೆ. ಹಳೆಯ ಗುಡಿಯನ್ನು ಬಿಚ್ಚಿ ಹೊಸದಾಗಿ ಕಟ್ಟುವಾಗ ಅಂಗಳದಲ್ಲಿ ನಿಂತಿದ್ದ ಶಾಸನದ ಕಲ್ಲು ಎಲ್ಲಿಗೆ ಹೋಗುತ್ತದೆ? ಶಾಸನದ ಮೇಲೆ ಸುಣ್ಣ ಬಳಿದರೆ ಅಕ್ಷರ ಮುಚ್ಚುತ್ತದೆ. ಮೆಟ್ಟಿಲಾಗಿ ಹಾಸಿದರೆ ಅಕ್ಷರ ಸವೆಯುತ್ತದೆ. ಹಲರ ಕೂಟಗಳ ಬಗೆಗೆ ನಮಗೆ ತಿಳಿದಿರುವುದೆಲ್ಲ ಇಂತಹ ಕಲ್ಲುಗಳಿಂದಲೇ ತಿಳಿದುದು. ಡಾ. ಪಿ. ಗುರುರಾಜ ಭಟ್ಟರು ತುಳುನಾಡಿನ ಊರೂರು ಸುತ್ತಿ, ಗುಡಿಗುಡಿ ನೋಡಿ, 1975ರಲ್ಲಿ ತಮ್ಮ ಬೃಹದ್ಗ್ರಂಥವನ್ನು ಹೊರತಂದರು. ಅದಕ್ಕೆ ಮೊದಲು ಭಾಸ್ಕರ ಆನಂದ ಸಾಲೆತ್ತೂರರು, ಕೆ. ವಿ. ರಮೇಶರು ಈ ಶಾಸನಗಳನ್ನು ಆಧರಿಸಿ ಇತಿಹಾಸ ಬರೆದರು. ಅವರು ಓದಿದ ಕಲ್ಲುಗಳನ್ನು ಉಳಿಸಿಕೊಳ್ಳುವುದು ಊರಿನವರ ಕೈಯಲ್ಲಿದೆ. ಶಾಸನವನ್ನು ನೆರಳಿನಲ್ಲಿ ನೆಟ್ಟು ನಿಲ್ಲಿಸಿ, ಪಕ್ಕದಲ್ಲಿ ಅದರ ತಾತ್ಪರ್ಯವನ್ನು ನಾಲ್ಕು ಸಾಲುಗಳಲ್ಲಿ ಬರೆಸುವುದಕ್ಕೆ ಹೊಸ ಗರ್ಭಗುಡಿಗೆ ತಗುಲುವ ವೆಚ್ಚದ ಸಾವಿರದ ಒಂದು ಪಾಲೂ ಬೇಡ.

ನದಿಯ ಮಾತನ್ನು ಬಿಟ್ಟು ಬಸರೂರಿನ ಇಂದಿನ ಬಾಳನ್ನು ಹೇಳಲಾಗುವುದಿಲ್ಲ. ಹಡಗನ್ನು ಒಳಗೆ ತಂದ ಉಬ್ಬರದ ನೀರೇ ಬೇಸಗೆಯಲ್ಲಿ ಉಪ್ಪನ್ನು ಒಳಗೆ ತರುತ್ತದೆ. ದಡದ ಗದ್ದೆಗಳಿಗೂ ಬಾವಿಗಳಿಗೂ ಅದರಿಂದ ತೊಂದರೆ. ವರ್ತಕನಿಗೆ ವರವಾಗಿದ್ದುದು ರೈತನಿಗೆ ಶಾಪವಾದುದು ಹೀಗೆ. ಹೊಳೆಗಳಿಗೆ ಅಡ್ಡಲಾಗಿ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿ ಉಪ್ಪುನೀರನ್ನು ತಡೆಯುವ ಪ್ರಯತ್ನಗಳು ಈ ಸೀಮೆಯಲ್ಲಿ ನಡೆದಿವೆ. ಮೇಲೆ, ಘಟ್ಟದಲ್ಲಿ, ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಕಟ್ಟಿ, ಹೊಸಂಗಡಿಯಲ್ಲಿ ನೆಲದೊಳಗೆ ವಿದ್ಯುದಾಗಾರವನ್ನು ಸ್ಥಾಪಿಸಿದ್ದಾರೆ. ಮ್ಯಾಥ್ಯೂಸನ ಸಿಪಾಯಿಗಳು ಏರಿಹೋದ ಬೆಟ್ಟದ ಒಡಲಿನಲ್ಲಿಯೇ ಈಗ ವಿದ್ಯುತ್ತು ಹುಟ್ಟುತ್ತದೆ. ವಾರಾಹಿ ನೀರಾವರಿ ಯೋಜನೆಗೆ 1979ರಲ್ಲಿ ಅಂದಾಜು ಮಾಡಿದ ವೆಚ್ಚ ಒಂಬತ್ತೂವರೆ ಕೋಟಿ ರೂಪಾಯಿಗಳಿಗೂ ಕಡಿಮೆ. ಅದು ನೂರಾರು ಕೋಟಿಗಳಿಗೆ ಏರಿದರೂ ಕಾಲುವೆಗಳು ಗದ್ದೆಗಳನ್ನು ಮುಟ್ಟಲು ಒಂದು ತಲೆಮಾರೇ ಕಾಯಬೇಕಾಯಿತು. ಶಿವಪ್ಪನಾಯಕನ ಶಿಸ್ತನ್ನು ಇಲ್ಲಿ ನೆನೆಯುವವರು ಇದ್ದರೆ ಅವರನ್ನು ತಪ್ಪೆನ್ನಲಾಗದು.

1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. 2018ರ ಹೊತ್ತಿಗೆ ಬೈಂದೂರು, ಬ್ರಹ್ಮಾವರಗಳು ಹೊಸ ತಾಲೂಕುಗಳಾದವು. ಹಳೆಯ ಬಾರಕೂರು ರಾಜ್ಯದ ನಡುಭಾಗ ಹೀಗೆ ಮೂರು ತಾಲೂಕುಗಳಲ್ಲಿ ಹಂಚಿಹೋಗಿದೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಯಿತು. ಕಡಲತೀರದ ಪೇಟೆಯನ್ನು ಬಿಟ್ಟು ಒಳನಾಡಿನಲ್ಲಿ ಹಾದುಹೋಗುವ ಆ ಮಾರ್ಗದಲ್ಲಿ ಕುಂದಾಪುರದ ನಿಲ್ದಾಣವಿರುವುದು ಬಸರೂರಿನ ಮಗ್ಗುಲಿನ ಮೂಡ್ಲಕಟ್ಟೆಯಲ್ಲಿ. ಎರಡು ಶತಮಾನಗಳ ಕಾಲ ಎಲ್ಲವನ್ನೂ ಕುಂದಾಪುರಕ್ಕೆ ಬಿಟ್ಟುಕೊಟ್ಟ ಹಳೆಯ ಪಟ್ಟಣದ ಬಳಿಗೇ ಗೋವೆಯ ದಾರಿ ಮರಳಿ ಬಂದಿದೆ. ಅಕ್ಕಿಯ ಹಡಗುಗಳು ಕಾವಲುನೌಕೆಗಳೊಡನೆ ದಿನಗಟ್ಟಲೆ ಸಾಗುತ್ತಿದ್ದ ಆ ದೂರವನ್ನು ರೈಲು ಕೆಲವೇ ಗಂಟೆಗಳಲ್ಲಿ ದಾಟುತ್ತದೆ. ಮೂಡ್ಲಕಟ್ಟೆಯಲ್ಲಿ ಇಳಿದವರು ಕುಂದಾಪುರದ ಕಡೆಗೆ ತಿರುಗುವ ಬದಲು ಅರ್ಧ ದಿನವನ್ನು ಬಸರೂರಿಗೆ ಮೀಸಲಿಟ್ಟರೆ, ಮಂಡಿಕೇರಿಯಿಂದ ನದಿಯ ದಡದವರೆಗೆ ನಡೆದೇ ನೋಡಬಹುದು.